ಮೂಗು ಬಿಡದ ಮೋಟಾರು

ಬೆಳಿಗ್ಗೆ ಸೀರೆ ಮಡಚುವಾಗ ಸೆರಗಿನ ಅಂಚಿನಲ್ಲಿ ಒಂದು ಬಿಳಿ ಕೂದಲು ಕಂಡಿತು. ನನ್ನದೇ ಇರಬೇಕು, ಈಗ ನನ್ನ ತಲೆಯಲ್ಲಿ ಬೇರೆ ಬಣ್ಣದ್ದು ಉಳಿದಿಲ್ಲ ಎಂದುಕೊಂಡು ಎಳೆದೆ. ಅದು ಬಂತು, ಬರುತ್ತಲೇ ಹೋಯಿತು. ಹರೆಯದಲ್ಲಿ ಕೂಡ ನನಗೆ ಇಷ್ಟುದ್ದ ಕೂದಲು ಇರಲಿಲ್ಲ. ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಅದು ಬಿಸಿ ಅಂಟಿನ ಎಳೆ. ಗ್ಲೂ ಗನ್ ಎಂಬ ಪಿಸ್ತೂಲು ಇಟ್ಟುಕೊಂಡ ಮನೆಗಳಲ್ಲಿ ಈ ಜೇಡರ ಬಲೆ ಎಲ್ಲೆಂದರಲ್ಲಿ ಬೆಳೆಯುತ್ತದೆ. ಕುರ್ಚಿಯ ಕಾಲಿಗೆ, ಕನ್ನಡಕದ ಡಬ್ಬಿಗೆ, ಒಮ್ಮೆ ಸಾರಿನ ಸೌಟಿಗೆ. ಗಂಡ ರಿಟೈರ್ ಆದ ಮೇಲೆ ಮನೆಯಲ್ಲಿ ಏನೇನು ಬೆಳೆಯುತ್ತದೆಂದು ಯಾವ ಕಾನ್ವೆಂಟಿನಲ್ಲೂ ಹೇಳಿಕೊಡುವುದಿಲ್ಲ.

ನಮ್ಮ ಮನೆಯವರು ಕಾಲುವೆಗಳ ಎಂಜಿನಿಯರ್. ಅರ್ಧ ಆಯುಷ್ಯ ಜೀಪಿನಲ್ಲಿ ಕಳೆದರು, ಉಳಿದರ್ಧ ಆ ಜೀಪಿನ ಕಥೆ ಹೇಳುವುದರಲ್ಲಿ. ಈಗ ವಿಮಾನ ಮಾಡುತ್ತಾರೆ. ಗಾಬರಿಯಾಗಬೇಡಿ, ಫೋಮ್ ಬೋರ್ಡಿನದು. ಎರಡು ಕಾಗದಗಳ ನಡುವೆ ಹಗುರಾದ ಫೋಮ್ ಇಟ್ಟ ಹಾಳೆ ಅದು, ಕ್ರೀಮ್ ಬಿಸ್ಕಿಟ್ಟಿನ ಜಾತಿ. ಅದನ್ನು ಬ್ಲೇಡಿನಿಂದ ಕೊಯ್ದು, ಮಡಚಿ, ಬಿಸಿ ಅಂಟು ಹಾಕಿ ರೆಕ್ಕೆ, ಹೊಟ್ಟೆ, ಬಾಲ ಮಾಡುವುದು. ಮೂಗಿಗೆ ನಿಂಬೆಹಣ್ಣಿಗಿಂತ ಚಿಕ್ಕ ಮೋಟಾರು, ಅದಕ್ಕೊಂದು ಪಂಖ. ರಿಮೋಟ್ ಹಿಡಿದು ಹೊಲದಲ್ಲಿ ನಿಂತರೆ ಅದು ಹಾರುತ್ತದೆ. ಹಾರುತ್ತದೆ ಎಂಬ ಮಾತನ್ನು ನಾನು ಸ್ವಲ್ಪ ಉದಾರವಾಗಿ ಬಳಸುತ್ತಿದ್ದೇನೆ.

ಇದಕ್ಕೆಲ್ಲ ಮೂಲ ಒಂದು ಬಣವೆ. ಕಣ್ಣಿನ ಆಪರೇಷನ್ ಆದ ಹೊಸದರಲ್ಲಿ ಇವರು ನಿಡಗುಂದಿಯಿಂದ ಬರುವಾಗ ನಮ್ಮ ಕಾರನ್ನು ಸಾವಕಾಶವಾಗಿ, ಅತ್ಯಂತ ಮರ್ಯಾದೆಯಿಂದ, ರಸ್ತೆ ಪಕ್ಕದ ಕಣಿಕೆ ಬಣವೆಯೊಳಗೆ ನಡೆಸಿಕೊಂಡು ಹೋದರು. ಬಣವೆಗೂ ಏನಾಗಲಿಲ್ಲ, ಕಾರಿಗೂ ಏನಾಗಲಿಲ್ಲ. ಇವರಿಗೆ ಮಾತ್ರ ಆಯಿತು. ಮುದ್ದೇಬಿಹಾಳದ ಕಾಲೇಜಿನಲ್ಲಿ ಪಾಠ ಹೇಳುವ ನಮ್ಮ ಮಗಳು ಸುನಂದಾ ಅಂದೇ ಸಂಜೆ ಬಂದಳು, ಚಹಾ ಕುಡಿದಳು, ಅಪ್ಪನ ಅಂಗಿಯ ಕಿಸೆಯಿಂದ ಕಾರಿನ ಕೀಲಿ ತೆಗೆದು ನನ್ನ ಕೈಯಲ್ಲಿಟ್ಟಳು. ಅಂದಿನಿಂದ ಕಾರು ನಾನು ನಡೆಸುತ್ತೇನೆ. ಇವರು ಎಡಗಡೆ ಕೂತು, ಇಲ್ಲದ ಬ್ರೇಕನ್ನು ತುಳಿಯುತ್ತಾರೆ.

ಆಮೇಲೆ ಬಹಳ ದಿನ ಇವರು ಮಾತನ್ನೇ ಬಿಟ್ಟರು. ಊಟಕ್ಕೆ ಬರ್ರಿ ಅಂದರೆ ಬರುವುದು, ಪೇಪರ್ ಬಂದರೆ ಓದುವುದು. ಜೀಪಿನ ಕಥೆ ಕೂಡ ಇಲ್ಲ. ಆ ಕಥೆಗಳಿಂದ ನಾನು ಎಷ್ಟು ವರ್ಷ ತಪ್ಪಿಸಿಕೊಳ್ಳಲು ನೋಡಿದ್ದೆ, ಈಗ ನಾನೇ ಕೇಳಿದರೂ ಹೇಳುವವರಿಲ್ಲ. ಹೀಗಿರುವಾಗ ಒಂದು ದಿನ ಫೋನಿನಲ್ಲಿ ಯಾವನೋ ಬಿಳಿಯನೊಬ್ಬ ವಿಮಾನ ಅಂಟಿಸುವ ವೀಡಿಯೊ ಕಂಡು, ವಾರದೊಳಗೆ ನಮ್ಮ ಡೈನಿಂಗ್ ಟೇಬಲ್ ಏರೋಡ್ರೋಮ್ ಆಯಿತು. ತಟ್ಟೆಗಳನ್ನು ನಾನು ಅಡುಗೆಮನೆಗೆ ಸಾಗಿಸಿದೆ. ಟೇಬಲ್ ಹೋದರೂ ಮನುಷ್ಯ ವಾಪಸ್ಸು ಬಂದಿದ್ದ. ಎಡಕ್ಕೆ ಅಂದರೆ ಎಡಕ್ಕೆ, ಬಲಕ್ಕೆ ಅಂದರೆ ಬಲಕ್ಕೆ ಹೋಗುವ ವಸ್ತುವೊಂದು ಈ ಮನೆಯಲ್ಲಿ ಇವರಿಗೆ ಕೊನೆಗೂ ಸಿಕ್ಕಿತ್ತು.

ಸುನಂದಾ ಒಪ್ಪಿದಳು, ಆದರೆ ಅವಳ ಒಪ್ಪಿಗೆಗೆ ಯಾವಾಗಲೂ ಬಾಲ ಇರುತ್ತದೆ. ಅಪ್ಪಾಜಿಗೆ ಸರಿಯಾಗಿ ಕಾಣದೆ ಅದನ್ನು ಎಲ್ಲಾದರೂ ಕೆಡವಿದರೆಂದು ಗೊತ್ತಾದರೆ ರಿಮೋಟನ್ನೂ ತಾನೇ ಬಂದು ಒಯ್ಯುತ್ತೇನೆ ಎಂದು ಫೋನಿನಲ್ಲಿ ಹೇಳಿದಳು. ಇವರು ಅದನ್ನು ಕೇಳಿಸಿಕೊಂಡರು. ಕೇಳಿಸದ ಹಾಗೆ ಮಾಡಿದರು.

ಅವಳಿಗೆ ವರದಿ ಒಪ್ಪಿಸುವವರು ಅಕ್ಕ. ಇವರ ಅಕ್ಕ. ನಮ್ಮ ಮನೆಯ ಹೈಕೋರ್ಟು. ಎಂಬತ್ತು ದಾಟಿ ಎಷ್ಟಾಯಿತೆಂದು ಕೇಳಿದರೆ ಬೈಗುಳ ಸಿಗುತ್ತದೆ. ನಾಲತವಾಡಕ್ಕೆ ಕೊಟ್ಟಿದ್ದರು. ಗಂಡ ತೀರಿಕೊಂಡ ಮೇಲೆ, ನನ್ನ ಮದುವೆಗೂ ಮೊದಲೇ, ತಮ್ಮನ ಮನೆಗೆಂದು ಬಾಗೇವಾಡಿಗೆ ಬಂದವರು ಇದನ್ನು ತಮ್ಮ ಮನೆಯನ್ನಾಗಿ ಮಾಡಿಕೊಂಡರು, ನಾವೆಲ್ಲ ಅವರ ಮನೆಯಲ್ಲಿದ್ದೇವೆ. ತಾಯಿ ಇಲ್ಲದ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದಾಕೆ, ಹಾಗಾಗಿ ಇವರ ಕೂದಲು ಬೆಳ್ಳಗಾದದ್ದು ಅವರ ಲೆಕ್ಕಕ್ಕೆ ಬಂದೇ ಇಲ್ಲ.

ನಾನು ಬೆಳಗಾವಿಯ ಕಾನ್ವೆಂಟಿನಿಂದ ನೇರವಾಗಿ ಈ ಮನೆಯ ಹಿತ್ತಿಲಿಗೆ ಬಂದು ಇಳಿದವಳು. ಮದುವೆಯಾದ ಹೊಸದರಲ್ಲಿ ಒಂದು ಬೆಳಿಗ್ಗೆ ಬಚ್ಚಲಿಗೆ ಹೋಗುವ ದಾರಿಯಲ್ಲಿ ಎಮ್ಮೆ ಅಡ್ಡ ನಿಂತಿತ್ತು. ಏನು ಮಾಡಬೇಕು ತಿಳಿಯದೆ, ಹ್ಯಾಬಿಟ್ ನೋಡಿ, ‘ಎಕ್ಸ್‌ಕ್ಯೂಸ್ ಮಿ’ ಅಂದೆ. ಎಮ್ಮೆ ನನ್ನನ್ನು ನೋಡಿತು. ಹಿಂದಿನಿಂದ ಅಕ್ಕನೂ ನೋಡಿದರು. ಅವತ್ತಿನಿಂದ ಅವರ ಬಾಯಲ್ಲಿ ನನ್ನ ಹೆಸರು ‘ಬಾಯಾರ’ ಎಂದಾಯಿತು, ಸಾಲಿಯಲ್ಲಿ ಕಲಿಸುವ ಟೀಚರಮ್ಮನನ್ನು ಕರೆಯುವಂತೆ. ಆ ಎಮ್ಮೆಯ ಮೊಮ್ಮಕ್ಕಳ ಮೊಮ್ಮಕ್ಕಳೂ ಸತ್ತವು. ಹೆಸರು ಮಾತ್ರ ಗಟ್ಟಿಯಾಗಿ ಉಳಿದಿದೆ.

ಇಂಥ ಅಕ್ಕನ ಶ್ಯಾವಿಗೆಯ ಮೇಲೆ ಮೋಟಾರು ಬಿತ್ತು.

ಬೇಸಿಗೆ ಬಂತೆಂದರೆ ನಮ್ಮ ಮಾಳಿಗೆಯ ಮೇಲೆ ಅಕ್ಕನ ಕಾರುಬಾರು. ಎಳೆ ಎಳೆಯಾಗಿ ಹೊಸೆದ ಶ್ಯಾವಿಗೆಯನ್ನು ಕೋಲಿನ ಮೇಲೆ ಇಳಿಬಿಟ್ಟು, ನೆರಳಿನ ಮೂಲೆಯಲ್ಲಿ ಕಾಗೆ ಕಾಯುತ್ತ ಕೂತಿರುತ್ತಾರೆ. ಅದೇ ಮಾಳಿಗೆಗೆ ಇವರು ವಿಮಾನ ಒಯ್ದು, ಬಾಲವನ್ನು ನೀರಿನ ಟಾಕಿಯ ಪೈಪಿಗೆ ಕಟ್ಟಿ, ಮೋಟಾರನ್ನು ಪೂರಾ ಜೋರಿನಲ್ಲಿ ಓಡಿಸಿ ಟೆಸ್ಟ್ ಮಾಡಲು ಹೊರಟರು. ನಾನು ಬಟ್ಟೆ ಹರವುತ್ತಿದ್ದೆ. ಪಂಖ ಕಣಜದ ಹಾಗೆ ಗುಂಯ್‌ಗುಟ್ಟಿತು, ವಿಮಾನ ಮೈ ನಡುಗಿಸಿತು, ಆಮೇಲೆ ಮೋಟಾರು ಪಂಖದ ಸಮೇತ ಮೂಗನ್ನು ಬಿಟ್ಟು, ವೈರು ಕಿತ್ತುಕೊಂಡು, ಒಂಟಿಯಾಗಿಯೇ ಹಾರಿತು. ಈ ಮನೆಯಿಂದ ಮೊದಲು ಹಾರಿದ್ದು ವಿಮಾನವಲ್ಲ, ಮೋಟಾರು. ಅದು ಹೋಗಿ ಶ್ಯಾವಿಗೆಯ ಕೋಲಿಗೆ ಬಡಿದು, ತಿರುಗುವ ಪಂಖಕ್ಕೆ ಸಿಕ್ಕಷ್ಟು ಶ್ಯಾವಿಗೆಯನ್ನು ಸುತ್ತಿಕೊಂಡು ಅಕ್ಕನ ಕಾಲ ಬಳಿ ಬಿತ್ತು.

ಯಾಕೆ ಹೀಗಾಯಿತೆಂದು ನೋಡಿದರೆ ತಪ್ಪು ನಮ್ಮ ಊರಿನ ಸೂರ್ಯನದು. ಆ ವೀಡಿಯೊದ ಬಿಳಿಯನ ಹಿಂದಿನ ಕಿಟಕಿಯಲ್ಲಿ ಹಿಮ ಬೀಳುತ್ತಿರುತ್ತದೆ. ಅವನು ಮೋಟಾರು ಕೂರಿಸುವ ಕಟ್ಟಿಗೆಯ ಬಿಲ್ಲೆಗೆ ಬಿಸಿ ಅಂಟು ಹಾಕಿ, ‘ನೌ ಲೆಟ್ ಇಟ್ ಕೂಲ್’ ಅನ್ನುತ್ತಾನೆ. ಬಾಗೇವಾಡಿಯಲ್ಲಿ ಏಪ್ರಿಲ್ ತಿಂಗಳಲ್ಲಿ ಏನಾದರೂ ಕೂಲ್ ಆದದ್ದನ್ನು ನೀವು ಕಂಡಿದ್ದೀರಾ? ಇವರು ರಾತ್ರಿ ಅಂಟಿಸಿದ್ದನ್ನು ಮಧ್ಯಾಹ್ನದ ಬಿಸಿಲು ಬಿಚ್ಚಿ ಕೊಟ್ಟಿತ್ತು. ಅಂಟು ಬೆಲ್ಲದ ಪಾಕದ ಹಾಗೆ ಮೆತ್ತಗಾಗಿತ್ತು.

ಅಕ್ಕ ಏಳಲಿಲ್ಲ, ಚೀರಲಿಲ್ಲ. ಮೋಟಾರನ್ನು ಎತ್ತಿ, ಶ್ಯಾವಿಗೆ ಎಳೆಗಳನ್ನು ಒಂದೊಂದಾಗಿ ಬಿಚ್ಚುತ್ತ ತೀರ್ಪು ಕೊಟ್ಟರು.

‘ತಮ್ಮಾ, ಇದು ಇನ್ನೊಮ್ಮಿ ಮೂಗು ಬಿಟ್ಟು ಬಂತಂದ್ರ ನಾ ಸುನಂದಾಗ ಫೋನ್ ಹಚ್ಚತೇನಿ. ಮೋಟಾರು ರದ್ದಿ ಭಂಗಾರದಾಂವಗ, ಉಳಿದದ್ದು ಹಂಡೇದ ಒಲಿಗೆ. ಮೂಗು ಬಿಡಲಿಲ್ಲಂದ್ರ ಹಾರಿಸ್ಕೊ. ನಾ ಒಂದ ಮಾತ ಅನ್ನೂದಿಲ್ಲ.’

‘ಆತಕ್ಕಾ’ ಅಂದರು ಇವರು. ಒಂದು ಕಾಲಕ್ಕೆ ದೊಡ್ಡ ದೊಡ್ಡ ಗುತ್ತಿಗೆದಾರರನ್ನು ನಿಲ್ಲಿಸಿ ಬೈದವರು.

ಅಲ್ಲಿಂದ ಶುರುವಾಯಿತು ನೋಡಿ, ಮೂಗು ಗಟ್ಟಿ ಮಾಡುವ ಕೆಲಸ. ಕಾಲುವೆ ಕಟ್ಟಿದವರಿಗೆ ‘ಸಾಕು’ ಎಂಬ ಶಬ್ದ ಗೊತ್ತಿರುವುದಿಲ್ಲ. ಇವರ ಶಾಸ್ತ್ರದಲ್ಲಿ ಫ್ಯಾಕ್ಟರ್ ಆಫ್ ಸೇಫ್ಟಿ ಎಂಬ ದೇವರಿದೆ. ನಮ್ಮ ಹಿತ್ತಿಲಿನ ಬಟ್ಟೆ ಹಗ್ಗದ ಕಂಬಗಳಿಗೆ ಆನೆ ಕಟ್ಟಬಹುದು. ಮೊಮ್ಮಗಳ ತೊಟ್ಟಿಲಿಗೆ ಇವರು ಹಾಕಿಸಿದ ಕೊಂಡಿಗೆ ಈಗ ಭತ್ತದ ಚೀಲ ತೂಗಿಬಿಟ್ಟರೂ ಅದು ಜಗ್ಗುವುದಿಲ್ಲ. ಅದೇ ಭಕ್ತಿಯಿಂದ ವಿಮಾನದ ಮೂಗಿಗೆ ಮೊದಲು ದಪ್ಪ ಪ್ಲೈವುಡ್ ಬಂತು. ಅದರ ಹಿಂದೆ ಅಲ್ಯೂಮಿನಿಯಂ ಪಟ್ಟಿ. ಅದಕ್ಕೆ ಆಚೆಯಿಂದ ಈಚೆಗೆ ನಟ್ಟು ಬೋಲ್ಟು, ಬೋಲ್ಟಿಗೆ ವಾಷರು. ಮೂಗು ಭಾರವಾಯಿತೆಂದು ಬಾಲಕ್ಕೆ ಭಾರ ಕಟ್ಟಿದರು. ಒಟ್ಟು ಭಾರವಾಯಿತೆಂದು ರೆಕ್ಕೆ ದೊಡ್ಡದು ಮಾಡಿದರು. ರೆಕ್ಕೆ ದೊಡ್ಡದಾಯಿತು, ಮೂಗು ಸಾಲದು ಎಂದರು. ನಾನು ಎತ್ತಿ ನೋಡಿದೆ. ಅದು ರೆಕ್ಕೆ ಮೂಡಿದ ಸುತ್ತಿಗೆಯಾಗಿತ್ತು. ಹಿತ್ತಿಲಲ್ಲಿ ಸುಮ್ಮನೆ ತೂರಿ ನೋಡಿದಾಗ ಕಾಳು ಕಂಡ ಕೋಳಿಯ ಹಾಗೆ ನೇರವಾಗಿ ನೆಲ ಕುಕ್ಕಿತು. ಮೋಟಾರು ಬಿಡಲಿಲ್ಲ ನೋಡು, ಎಂದು ಇವರು ಅಕ್ಕನಿಗೆ ತೋರಿಸಿದರು. ಹಾರಿದ್ದಾದರೂ ಯಾವಾಗ ಎಂದು ಅಕ್ಕ ಕೇಳಿದರು.

ಇವರು ಟೇಬಲ್ ಮುಂದೆ ಕೂತು ಮತ್ತೆ ಮಾತು ಕಡಿಮೆ ಮಾಡತೊಡಗಿದರು. ನನಗೆ ಬಣವೆಯ ನಂತರದ ದಿನಗಳ ನೆನಪಾಯಿತು. ಆ ಮೌನವನ್ನು ಇನ್ನೊಮ್ಮೆ ಬಡಿಸಿಕೊಂಡು ಉಣ್ಣುವ ಶಕ್ತಿ ನನಗಿರಲಿಲ್ಲ.

ನಮ್ಮ ಬೋರ್ಡಿಂಗಿನಲ್ಲಿ ಕ್ರಾಫ್ಟ್ ಕ್ಲಾಸ್ ತೆಗೆದುಕೊಳ್ಳುತ್ತಿದ್ದ ಸಿಸ್ಟರ್ ಒಬ್ಬರಿದ್ದರು, ತೆಳ್ಳಗೆ ಉದ್ದಕ್ಕೆ, ಮೇಣದಬತ್ತಿಯ ಹಾಗೆ. ಮೈದಾ ಹಿಟ್ಟಿನ ಗೋಂದು ಕುದಿಸಿ ನಮ್ಮಿಂದ ರಟ್ಟಿನ ಗೊಂಬೆಮನೆ ಮಾಡಿಸುತ್ತಿದ್ದರು. ನಾವು ಗೋಂದು ಬಡಿದು, ಕೈ ಕಟ್ಟಿ, ಅಂಟಲೆಂದು ಕಾಯುತ್ತ ನಿಲ್ಲುತ್ತಿದ್ದೆವು. ‘ಗರ್ಲ್ಸ್, ಗಮ್ ಈಸ್ ನಾಟ್ ಎ ಪ್ರೇಯರ್. ಪ್ರೆಸ್ ಇಟ್’ ಎನ್ನುತ್ತಿದ್ದರು. ನನ್ನ ಗೊಂಬೆಮನೆಯ ಗೋಡೆ ಪ್ರತಿ ಸಲ ಬೀಳುತ್ತಿತ್ತು. ಒಂದು ಜಾಗಕ್ಕೆ ಎಷ್ಟೇ ಗೋಂದು ಮೆತ್ತಿದರೂ ಪ್ರಯೋಜನವಿಲ್ಲ, ಕಾಗದದ ಪಟ್ಟಿಯನ್ನು ಗೋಡೆಯುದ್ದಕ್ಕೆ ಎಳೆದು ಅಂಟಿಸಬೇಕು, ಭಾರ ಹಂಚಿಹೋಗಬೇಕು ಎಂದು ಸಿಸ್ಟರ್ ತೋರಿಸಿಕೊಟ್ಟಿದ್ದರು. ಅಷ್ಟಾದರೂ ನನಗೆ ಕ್ರಾಫ್ಟಿನಲ್ಲಿ ಸಿಕ್ಕ ರಿಮಾರ್ಕ್ ‘ಶೀ ಸಿಂಗ್ಸ್ ವೆಲ್’ ಎಂದು.

ಆ ಪಟ್ಟಿ ನೆನಪಾದದ್ದು ಅಕ್ಕ ಮರಕ್ಕೆ, ಅಂದರೆ ಕಾಳು ಕೇರುವ ಮೊರಕ್ಕೆ, ಮೆಂತ್ಯೆ ಬಡಿಯುವಾಗ. ಜೋಳ ಹಸನ ಮಾಡುವ ಬಿದಿರಿನ ಮರ ಹಳೆಯದಾದರೆ ಸಂದಿಗಳು ಬಿಡುತ್ತವಲ್ಲ, ಆಗ ರದ್ದಿ ಕಾಗದ ನೆನೆಸಿ, ನೆನೆದ ಮೆಂತ್ಯೆಯ ಜೊತೆ ರುಬ್ಬಿ, ಮೈತುಂಬ ಬಡಿದು ಒಣಗಿಸುತ್ತಾರೆ. ಒಣಗಿದ ಮೇಲೆ ಬಾರಿಸಿದರೆ ಹಲಗೆಯ ಹಾಗೆ ಸದ್ದು ಬರುತ್ತದೆ, ಎತ್ತಿದರೆ ಹೂವಿನ ಭಾರ. ಬಿಸಿಲು ಬಿದ್ದಷ್ಟೂ ಗಟ್ಟಿ. ನಾನು ಹೋಗಿ ಇವರಿಗೆ, ಐ ಹ್ಯಾವ್ ಆನ್ ಐಡಿಯಾ, ಅಂದೆ. ಪೂರ್ತಿ ಕೇಳಿ ನಕ್ಕರು. ತಾವು ಓದಿದ ಪುಸ್ತಕದಲ್ಲಿ ಮೆಂತ್ಯೆಯ ಬಗ್ಗೆ ಏನೂ ಇಲ್ಲವೆಂದರು.

ಮರುದಿನ ಅಕ್ಕನ ಮೆಂತ್ಯೆ ಡಬ್ಬಿ ಅರ್ಧ ಖಾಲಿಯಾಗಿತ್ತು. ಬಚ್ಚಲ ಮೂಲೆಯಲ್ಲಿ, ಬಕೆಟ್ಟಿನ ಮರೆಯಲ್ಲಿ, ಒಂದು ಪಾತ್ರೆಯೊಳಗೆ ಮೆಂತ್ಯೆ ನೆನೆಯುತ್ತಿತ್ತು. ಎಪ್ಪತ್ತು ದಾಟಿದ ಮನುಷ್ಯ ಅಕ್ಕನಿಗೆ ಹೆದರಿ ಬಚ್ಚಲಲ್ಲಿ ಮೆಂತ್ಯೆ ಬಚ್ಚಿಡುವುದನ್ನು ಕಂಡ ಮೇಲೆ ನಾನು ಅವರನ್ನು ಇನ್ನಷ್ಟು ಕಾಡಿಸಲಿಲ್ಲ. ಅಂದರೆ, ಅವತ್ತು ಕಾಡಿಸಲಿಲ್ಲ.

ಆ ದಪ್ಪ ಪ್ಲೈವುಡ್ಡು, ಪಟ್ಟಿ, ಬೋಲ್ಟು ಎಲ್ಲ ಕಿತ್ತರು. ತೆಳ್ಳನೆಯ ಬಿಲ್ಲೆಯೊಂದು ಮುಂದೆ, ಅದರ ನಾಲ್ಕೂ ಮೂಲೆಯಿಂದ ಹಿಂದಕ್ಕೆ, ಹೊಟ್ಟೆಯ ಅರ್ಧದವರೆಗೆ, ಹಳೆಯ ಮರದಿಂದ ಬಿಚ್ಚಿದ ಬಿದಿರ ಸೀಳುಗಳು. ಮೇಲೆ ದಾರದ ಸುತ್ತು. ಅದರ ಮೇಲೆ ಕಾಗದದ ಪಟ್ಟಿ, ಮೆಂತ್ಯೆ, ಮತ್ತೆ ಪಟ್ಟಿ. ಒಂದು ಪದರು ಒಣಗಿದ ಮೇಲೆ ಇನ್ನೊಂದು, ಅವಸರ ಮಾಡಿದರೆ ಬೋರ್ಡಿನ ಕಾಗದವೇ ನೆನೆದು ಸುಲಿದು ಬರುತ್ತದೆ. ಮನೆಯೆಲ್ಲ ಉಪ್ಪಿನಕಾಯಿ ಹಾಕುವ ದಿನದ ವಾಸನೆ. ಇರುವೆಗಳಿಗೆ ಸುದ್ದಿ ಮುಟ್ಟಿ ಸಾಲುಗಟ್ಟಿ ಬಂದವು, ಇವರು ವಿಮಾನದ ಸುತ್ತ ಇರುವೆ ಪುಡಿಯ ಗೆರೆ ಹಾಕಿ ಕಾವಲು ಕೂತರು.

ಮೋಟಾರು ಕೂರಿಸಿದ ದಿನ ನೋಡಿದರೆ ಅದು ಸೊಟ್ಟ. ಸ್ವಲ್ಪ ಬಲಕ್ಕೆ, ಸ್ವಲ್ಪ ಕೆಳಕ್ಕೆ ಮುಖ ಮಾಡಿತ್ತು. ನಮ್ಮ ಕಾನ್ವೆಂಟಿನಲ್ಲಿ ರಿಬ್ಬನ್ ಒಂದು ಬೆರಳು ಸೊಟ್ಟಗಿದ್ದರೆ ವಾಪಸ್ಸು ಕಳಿಸುತ್ತಿದ್ದರು, ನಾನು ಹೇಳದೆ ಇರುವುದು ಹೇಗೆ? ಇವರು ಬಹಳ ದಿನಗಳ ಮೇಲೆ ಕುರ್ಚಿಯನ್ನು ನನ್ನ ಕಡೆ ತಿರುಗಿಸಿಕೊಂಡು ಕೂತು ವಿವರಿಸಿದರು. ಪಂಖ ತಿರುಗುವ ರಭಸಕ್ಕೆ ವಿಮಾನ ಎಡಕ್ಕೆ ಎಳೆಯುತ್ತದಂತೆ, ಅದಕ್ಕೆ ಮೊದಲೇ ಬಲಕ್ಕೆ ವಾಲಿಸಿಟ್ಟರೆ ನೇರ ಹೋಗುತ್ತದಂತೆ. ವಿವರಿಸುತ್ತ ವಿವರಿಸುತ್ತ ಜೀಪಿನ ಸ್ಟೀರಿಂಗಿಗೆ ಹೋದರು, ಅಲ್ಲಿಂದ ಮಳೆಗಾಲದ ಎರೆ ಮಣ್ಣಿನ ರಸ್ತೆಗೆ. ಜೀಪಿನ ಕಥೆ. ಚಹಾ ಆರಿ ನೀರಾಯಿತು, ನಾನು ಏಳಲಿಲ್ಲ.

ಹಾರಿಸುವ ದಿನ ಅಕ್ಕ ತಾನೂ ಬರುತ್ತೇನೆಂದರು. ತೀರ್ಪು ಕೊಟ್ಟವರು ಸ್ಥಳ ಪರಿಶೀಲನೆ ಮಾಡಬೇಕಲ್ಲ. ಬೆಳಿಗ್ಗೆ ಗಾಳಿ ಏಳುವ ಮೊದಲು ಮಸೂತಿ ರಸ್ತೆಯ ನಮ್ಮ ಹೊಲಕ್ಕೆ ಹೋದೆವು. ಜೋಳ ಕೊಯ್ದು ಕೂಳೆ ಮಾತ್ರ ಉಳಿದಿತ್ತು. ಅಕ್ಕನಿಗೆ ಬದುವಿನ ಮೇಲೆ ಕುರ್ಚಿ ಹಾಕಿದೆ. ಇವರ ಭುಜ ಮೇಲೆತ್ತಲು ಬರುವುದಿಲ್ಲವಾದ್ದರಿಂದ ವಿಮಾನ ತೂರುವ ಕೆಲಸ ನನ್ನದು. ನಗಬೇಡಿ, ನಾನು ಸ್ಕೂಲಿನ ಥ್ರೋಬಾಲ್ ಟೀಮಿನಲ್ಲಿದ್ದೆ. ಸೆರಗು ಸಿಕ್ಕಿಸಿ, ಕ್ಯಾನ್ವಾಸ್ ಶೂ ಹಾಕಿಕೊಂಡು, ಕೂಳೆಯ ನಡುವೆ ನಾಲ್ಕು ಹೆಜ್ಜೆ ಓಡಿ, ಇವರು ‘ಹೂಂ’ ಅಂದ ಕೂಡಲೇ ತೂರಿದೆ. ಅದು ನನ್ನ ಕೈಯಿಂದ ನೇರವಾಗಿ, ಒಂದಿಷ್ಟೂ ವಾಲದೆ ಹೋಯಿತು. ನನಗೇ ನಂಬಿಕೆಯಾಗಲಿಲ್ಲ.

ಹಾರಿತು. ಈ ಸಲ ಉದಾರವಾಗಿ ಹೇಳುತ್ತಿಲ್ಲ. ಹೊಲದ ಮೇಲೆ ದೊಡ್ಡ ಸುತ್ತು ಹಾಕಿತು, ಬಾವಿಯ ಆಚೆ ಹೋಗಿ ತಿರುಗಿತು, ನಮ್ಮ ತಲೆಯ ಮೇಲೆ ಬಂದಾಗ ಮೆಂತ್ಯೆ ಬಡಿದ ಕಂದು ಮೂಗು ಚೆನ್ನಾಗಿ ಕಂಡಿತು. ಇವರ ಹೆಬ್ಬೆರಳುಗಳು ರಿಮೋಟಿನ ಮೇಲೆ ಎಷ್ಟು ಮೆಲ್ಲಗೆ ಆಡುತ್ತಿದ್ದವೆಂದರೆ ನಾನು ವಿಮಾನ ಬಿಟ್ಟು ಅವನ್ನೇ ನೋಡಿದೆ. ಅಕ್ಕ ಹಣೆಗೆ ಕೈ ಹಿಡಿದು, ಬಾಯಿ ತೆರೆದು ನೋಡುತ್ತಿದ್ದರು.

ಆಮೇಲೆ ವಿಮಾನ ಮೂಡಣದ ಕಡೆ ಹೋಗಿ, ಸೂರ್ಯನೊಳಗಿಂದ ನಮ್ಮ ಕಡೆಗೇ ತಿರುಗಿತು. ನಮ್ಮತ್ತ ಮುಖ ಮಾಡಿ ಬರುವಾಗ ಎಡ ಬಲವಾಗುತ್ತದೆ, ಬಲ ಎಡವಾಗುತ್ತದೆ, ಅದು ಇವರಿಗೆ ಚೆನ್ನಾಗಿ ಗೊತ್ತು. ಆದರೆ ಇವರು ಕಣ್ಣು ಕಿರಿದು ಮಾಡಿದರು, ಕತ್ತು ಮುಂದೆ ಚಾಚಿದರು, ಎಲ್ಲಿದೆ ಅಂದರು. ನನಗೆ ಕಾಣುತ್ತಿತ್ತು. ನಾನು ಹೇಳುವಷ್ಟರಲ್ಲಿ ಹೆಬ್ಬೆರಳು ತಪ್ಪು ಕಡೆ ಹೋಗಿತ್ತು. ಬದುವಿನ ಬೇವಿನ ಗಿಡಕ್ಕೆ ರೆಕ್ಕೆ ಬಡಿದ ಸದ್ದು ಕೇಳಿಸಿತು, ರಟ್ಟು ಮುರಿದ ಹಾಗೆ.

ಇವರು ಅಲ್ಲಿಗೆ ಹೋಗಲಿಲ್ಲ. ರಿಮೋಟ್ ಹಿಡಿದು ನಿಂತೇ ಇದ್ದರು, ಕೀಲಿ ಕೇಳಲು ಯಾರೋ ಬರುತ್ತಾರೆಂದು ಕಾಯುವವರ ಹಾಗೆ. ಅಕ್ಕ ಒಮ್ಮೆ ತಮ್ಮನನ್ನು ನೋಡಿದರು, ಒಮ್ಮೆ ಸೂರ್ಯನನ್ನು ನೋಡಿದರು. ನಾನು ಗಿಡದ ಬುಡಕ್ಕೆ ಹೋದೆ. ಒಂದು ರೆಕ್ಕೆ ಕೊಂಬೆಯಲ್ಲಿ, ಇನ್ನೊಂದು ನೆಲದ ಮೇಲೆ, ಬಾಲ ಎಲ್ಲೋ. ಹೊಟ್ಟೆ ಮಾತ್ರ ಎರೆ ಮಣ್ಣಿನಲ್ಲಿ ತಲೆಕೆಳಗಾಗಿ ನಾಟಿ ನಿಂತಿತ್ತು. ಕಿತ್ತು ಮಣ್ಣು ಒರೆಸಿದೆ. ಪಂಖ ಮುರಿದಿತ್ತು. ಮೋಟಾರು, ಬಲಕ್ಕಿಷ್ಟು ಕೆಳಕ್ಕಿಷ್ಟು ಮುಖ ಮಾಡಿಕೊಂಡು, ಕೂರಿಸಿದಂತೆಯೇ ಕೂತಿತ್ತು.

ತಂದು ಅಕ್ಕನ ಉಡಿಯಲ್ಲಿಟ್ಟೆ. ಅವರು ಮೋಟಾರನ್ನು ಮುಷ್ಟಿಯಲ್ಲಿ ಹಿಡಿದು ಜಗ್ಗಿದರು. ತಿರುಪಿದರು. ವಿಮಾನದ ಹೊಟ್ಟೆಯನ್ನು ಮೊಣಕಾಲ ನಡುವೆ ಒತ್ತಿ ಹಿಡಿದು, ಎಮ್ಮೆಯ ಗೂಟ ಕೀಳುವ ಹಾಗೆ ಇನ್ನೊಮ್ಮೆ ಜಗ್ಗಿದರು. ಬರಲಿಲ್ಲ.

‘ಬಿಟ್ಟಿಲ್ಲ’ ಅಂದರು. ತಮ್ಮ ರಿಮೋಟನ್ನೇ ನೋಡುತ್ತಿದ್ದರು. ‘ತಮ್ಮಾ, ನಿನಗ ಹೇಳಾಕತ್ತೇನಿ. ಮೋಟಾರು ಬಿಟ್ಟಿಲ್ಲ. ಉಳಿದದ್ದರ ಬಗ್ಗೆ ನಾ ಏನೂ ಅಂದಿದ್ದಿಲ್ಲ.’

ಇವರು ತಲೆಯಾಡಿಸಿ ಕಾರಿನ ಹಿಂದಿನ ಸೀಟಿನಲ್ಲಿ ಹೋಗಿ ಕೂತರು. ಎಡಗಡೆಯ ಸೀಟು ತಮ್ಮದೆಂದು ಕೂಡ ಅನ್ನಲಿಲ್ಲ. ಅಕ್ಕ ಮುಂದೆ ಕೂತರು, ಮುರಿದ ರೆಕ್ಕೆಗಳನ್ನು ನಾನು ಹಿಂದೆ ಇವರ ಪಕ್ಕ ಇಟ್ಟೆ. ರಸ್ತೆಗೆ ಬಂದು ಸ್ವಲ್ಪ ದೂರ ಹೋಗುವಷ್ಟರಲ್ಲಿ ನನ್ನ ಫೋನು ರಿಂಗಾಯಿತು. ಸುನಂದಾ. ಇವತ್ತು ಹಾರಿಸುವ ದಿನವೆಂದು ಅವಳಿಗೆ ಗೊತ್ತಿತ್ತು. ನಾನು ಗಾಡಿ ನಡೆಸುತ್ತಿದ್ದೆ, ಅಕ್ಕ ಎತ್ತಿದರು, ಎಲ್ಲರಿಗೂ ಕೇಳಿಸುವ ಹಾಗೆ ಸ್ಪೀಕರಿಗೆ ಹಾಕಿದರು. ಹೆಂಗಾತು ಅಂತ ಅವಳು ಕೇಳಿದಳು. ಕನ್ನಡಿಯಲ್ಲಿ ಇವರು ಕಿಟಕಿಯ ಹೊರಗೆ ನೋಡುತ್ತಿದ್ದರು.

‘ಹಾರಿತು. ಚೊಲೋ ಹಾರಿತು’ ಅಂದರು ಅಕ್ಕ. ‘ಆಮ್ಯಾಲ ಗಿಡಕ್ಕ ಬಡೀತು.’

ಅಪ್ಪಾಜಿಗೆ ಕಾಣಲಿಲ್ಲೇನು ಎಂದು ಅವಳು ಮೆತ್ತಗೆ ಕೇಳಿದಳು. ಗದರಿಸುವ ಧ್ವನಿಗಿಂತ ಅದು ಕೆಟ್ಟದ್ದು. ಕೀಲಿ ತೆಗೆದುಕೊಂಡ ದಿನವೂ ಹಾಗೆಯೇ ಮಾತಾಡಿದ್ದಳು.

‘ಅಂವಗೇನ ಆಗೇತಿ’ ಅಂದರು ಅಕ್ಕ. ‘ನಿಮ್ಮವ್ವಗ ವಿಮಾನ ಮ್ಯಾಲ ಒಗಿಯಾಕ ಬರೂದಿಲ್ಲ. ಸೊಟ್ಟ ಒಗದ್ಲು. ಅಂವ ಪಾಪ ಎಷ್ಟಂತ ಸಂಬಾಳಿಸ್ಯಾನು? ಮುಂದಿನದನ್ನ ನಾ ಒಗೀತೇನಿ.’

‘ಹೌದೇನವಾ?’ ಎಂದಳು ಮಗಳು, ನನ್ನನ್ನು.

ನಾನು ತೂರಿದ್ದು ಎಷ್ಟು ನೇರವಿತ್ತೆಂದು ಆ ಕಾರಿನಲ್ಲಿದ್ದ ಮೂವರಿಗೂ ಗೊತ್ತಿತ್ತು. ಕನ್ನಡಿಯಲ್ಲಿ ಇವರು ಮುಖ ಈಚೆ ತಿರುಗಿಸಿದ್ದರು. ಅಕ್ಕ ಮಾತ್ರ ಉಡಿಯಲ್ಲಿನ ಮೋಟಾರಿಗೆ ಅಂಟಿದ ಮಣ್ಣನ್ನು ಉಗುರಿನಿಂದ ಕೆರೆಯುತ್ತ, ನನ್ನ ಕಡೆ ನೋಡದೆ ಕೂತಿದ್ದರು.

‘ಹೌದವಾ’ ಅಂದೆ, ‘ಕೈ ಸ್ವಲ್ಪ ಸೊಟ್ಟ ಆತು.’

ಸುನಂದಾ ನಕ್ಕಳು, ಹುಷಾರಾಗಿ ಮನೆಗೆ ಹೋಗಿ ಎಂದು ಫೋನಿಟ್ಟಳು. ನಾನು ಗೇರ್ ಬದಲಿಸಿದೆ. ಹಿಂದಿನ ಸೀಟಿನಲ್ಲಿ ಮುರಿದ ಎರಡು ರೆಕ್ಕೆಗಳನ್ನು ಅಂಚಿಗೆ ಅಂಚು ಹಚ್ಚಿ ನೋಡುವ ಸದ್ದು ಕೇಳಿಸತೊಡಗಿತು.